ರೈನ್ ದಾಟುವ ಕಸುಬು

ಬೆಳಗಿನ ನಸುಕು. ಸ್ಟ್ರಾಸ್‌ಬರ್ಗಿನ ‘ಡಿ’ ಮಾರ್ಗದ ಟ್ರಾಮು ಬಂದರು ಬಡಾವಣೆಯ ನಿಲ್ದಾಣ ಬಿಟ್ಟು ಸೇತುವೆಯ ಏರಿಗೆ ಬರುತ್ತದೆ. ಕೆಳಗೆ ರೈನ್ ನದಿ. ಸರಕು ತುಂಬಿದ ಉದ್ದನೆಯ ದೋಣಿಯೊಂದು ನೀರಿನ ಮಟ್ಟಕ್ಕೇ ಇಳಿದುಕೊಂಡು ಸೆಳವಿಗೆ ಎದುರಾಗಿ ನಿಧಾನಕ್ಕೆ ಸಾಗುತ್ತಿದೆ. ಒಂದು ಪಕ್ಕಕ್ಕೆ ರೈಲು ಸೇತುವೆ, ಇನ್ನೊಂದು ಪಕ್ಕಕ್ಕೆ ವಾಹನಗಳ ಸೇತುವೆ. ಟ್ರಾಮಿನೊಳಗೆ ಕಚೇರಿಗೆ ಹೊರಟವರು, ಆಚೆ ದಡದಲ್ಲಿ ಸಾಮಾನು ಅಗ್ಗವೆಂದು ಕೈಚೀಲ ಹಿಡಿದು ಹೊರಟವರು; ಅವರ ನಡುವೆ ಬೆನ್ನಚೀಲದಲ್ಲಿ ದಪ್ಪ ತಳದ ಕೆಲಸದ ಬೂಟು, ಮಡಿಸಿದ ಮೇಲಂಗಿ ಇಟ್ಟುಕೊಂಡು ತೂಕಡಿಸುತ್ತಿರುವ ಹದಿನೆಂಟು ಹತ್ತೊಂಬತ್ತರ ಹುಡುಗ ಹುಡುಗಿಯರು. ಟ್ರಾಮು ಏರಿ ಇಳಿಯುವಷ್ಟರಲ್ಲಿ ಫ್ರಾನ್ಸ್ ಮುಗಿದು ಜರ್ಮನಿ ಬಂದಿರುತ್ತದೆ. ಊರಿನ ಹೆಸರು ಕೇಲ್. ಅಂಗಡಿಯ ಫಲಕಗಳ ಭಾಷೆ ಬದಲಾಗಿದೆ. ಬೇಕರಿಯಿಂದ ಬರುವ ವಾಸನೆಯೂ ಬದಲಾಗಿದೆ.

ಈ ದಡಗಳ ಜನ 75 ವರ್ಷಗಳ ಅವಧಿಯಲ್ಲಿ ಮೂರು ಯುದ್ಧಗಳನ್ನು ಕಂಡರು. ಸ್ಟ್ರಾಸ್‌ಬರ್ಗ್ 1871ರಲ್ಲಿ ಜರ್ಮನಿಗೆ ಸೇರಿತು, 1918ರಲ್ಲಿ ಫ್ರಾನ್ಸಿಗೆ ಮರಳಿತು, 1940ರಲ್ಲಿ ಮತ್ತೆ ಜರ್ಮನರ ಕೈಗೆ ಹೋಯಿತು, 1944ರಲ್ಲಿ ಮತ್ತೆ ಬಿಡುಗಡೆಯಾಯಿತು. ಹಾಗೆ ಕಿತ್ತಾಡಿದ ನೆಲದ ಮೇಲೆ 2017ರ ಏಪ್ರಿಲ್‌ನಿಂದ ಒಂದೇ ಟ್ರಾಮು ಎರಡೂ ದಡಗಳಿಗೆ ಓಡಾಡುತ್ತಿದೆ. ಅದು ಸಾಗುವ ಸೇತುವೆಗೆ ಸ್ಟ್ರಾಸ್‌ಬರ್ಗ್ ಇರುವ ಅಲ್ಸಾಸ್ ಸೀಮೆಯ ವಿದ್ವಾಂಸ ಬಿಯಾಟಸ್ ರೆನಾನಸನ ಹೆಸರು. ಅವನು ಬಾಸೆಲ್ ನಗರಕ್ಕೆ ಹೋಗಿ ಅಲ್ಲಿನ ಮುದ್ರಣಾಲಯದಲ್ಲಿ ಗ್ರಂಥಗಳನ್ನು ತಿದ್ದಿದವನು. ಡಚ್ ವಿದ್ವಾಂಸ ಎರಾಸ್ಮಸನ ಆಪ್ತ ಗೆಳೆಯ. ಎರಾಸ್ಮಸ್ 1536ರಲ್ಲಿ ತೀರಿಕೊಂಡದ್ದೂ ಇದೇ ರೈನ್ ದಡದ ಬಾಸೆಲ್‌ನಲ್ಲೇ. ಇಂದು ಬೂಟು ಚೀಲದ ಮಕ್ಕಳು ಪರದೇಶದ ಕಾರ್ಯಾಗಾರಗಳಿಗೆ ಹೋಗಲು ಯುರೋಪಿನ ಸಾರ್ವಜನಿಕ ಹಣ ಹರಿದುಬರುವುದು ‘ಎರಾಸ್ಮಸ್ ಪ್ಲಸ್’ ಎಂಬ ಯೋಜನೆಯಿಂದ. ಊರೂರು ಅಲೆದು ಕಲಿತ, ಕಲಿಸಿದ ಒಬ್ಬ ವಿದ್ವಾಂಸನ ಹೆಸರು ಈಗ ವೆಲ್ಡರ್‌ಗಳ, ಬಡಗಿಗಳ, ದಾದಿಯರ ಪ್ರಯಾಣಕ್ಕೂ ಅಂಟಿಕೊಂಡಿದೆ. ನನಗೆ ಇದು ಬಹಳ ಸಂತೋಷದ ಸಂಗತಿ.

ಟ್ರಾಮಿನ ಹಿಂದಿನ ಗಾಜಿನಲ್ಲಿ ಸ್ಟ್ರಾಸ್‌ಬರ್ಗ್ ದೂರವಾಗುವಾಗಲೂ ಅಲ್ಲಿನ ಕೆಥೆಡ್ರಲ್‌ನ ಶಿಖರ ಮರೆಯಾಗುವುದಿಲ್ಲ. ವೋಜ್ ಬೆಟ್ಟಗಳ ನಸುಗೆಂಪು ಮರಳುಗಲ್ಲಿನಲ್ಲಿ ಕಟ್ಟಿದ, 142 ಮೀಟರ್ ಎತ್ತರದ ಒಂಟಿ ಗೋಪುರ ಅದು. ಅದನ್ನು ಎತ್ತಿ ನಿಲ್ಲಿಸಿದ ಮೇಸ್ತ್ರಿಗಳು ಆ ಊರಿನವರಲ್ಲ. ಎಂಟು ಮೂಲೆಯ ಭಾಗವನ್ನು ಕಟ್ಟಿದ ಉಲ್ರಿಖ್ ಫಾನ್ ಎನ್ಸಿಂಗೆನ್ ಉಲ್ಮ್ ನಗರದ ಚರ್ಚಿನ ಕೆಲಸದಲ್ಲಿ ಪಳಗಿ ಬಂದವನು. ಅವನ ನಂತರ 1439ರಲ್ಲಿ ಶಿಖರ ಮುಗಿಸಿದ ಯೋಹಾನೆಸ್ ಹ್ಯುಲ್ಟ್ಸ್ ಕಲೋನ್ ಊರಿನವನು. ಕಲ್ಲು ಕೆತ್ತುವ ಜಾಣ್ಮೆ ಊರಿಂದೂರಿಗೆ ನಡೆದುಬಂದದ್ದರಿಂದಲೇ ಆ ಗೋಪುರ ನಿಂತಿತು. 1459ರಲ್ಲಿ ರೇಗೆನ್ಸ್‌ಬರ್ಗ್‌ನಲ್ಲಿ ಸೇರಿದ ಕಲ್ಲುಕುಟಿಗರು ತಮ್ಮ ಕಸುಬಿನ ಕಟ್ಟಳೆಗಳನ್ನು ಬರೆದುಕೊಂಡಾಗ ಸ್ಟ್ರಾಸ್‌ಬರ್ಗಿನ ಕೂಟಕ್ಕೇ ಹಿರಿತನ ಕೊಟ್ಟರು. ಹದಿಮೂರನೆಯ ಶತಮಾನದಿಂದ ಬಂದ ಅಲ್ಲಿನ ಕಾರ್ಯಾಗಾರ ಇಂದಿಗೂ ಬಾಗಿಲು ಹಾಕಿಲ್ಲ. ಸವೆದ ಕಲ್ಲಿನ ಜಾಗಕ್ಕೆ ಹೊಸ ಕಲ್ಲು ಕಡೆಯುವ ಉಳಿಯ ಸದ್ದು ಅಲ್ಲಿ ಕೇಳುತ್ತಲೇ ಇದೆ.

ಜರ್ಮನಿಯ ಹೆದ್ದಾರಿಗಳ ಅಂಚಿನಲ್ಲಿ ಆಗೊಮ್ಮೆ ಈಗೊಮ್ಮೆ ಕಾಣುವ ಕಸುಬುದಾರರು ಆ ಹಳೆಯ ಕಾಲದಿಂದಲೇ ಎದ್ದು ಬಂದವರು. ಕಪ್ಪು ಕಾರ್ಡುರಾಯ್ ಬಟ್ಟೆ, ಅಗಲ ಅಂಚಿನ ಟೋಪಿ, ಪಾದದ ಕಡೆ ಅಗಲವಾಗುವ ಪ್ಯಾಂಟು, ಕೈಯಲ್ಲಿ ತಿರುಚಿಕೊಂಡು ಬೆಳೆದ ಮರದ ಕೋಲು, ಹೆಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟು. ಕಲಿಕೆ ಮುಗಿಸಿದ ಬಡಗಿ, ಚಾವಣಿ ಕೆಲಸದವ, ಕಲ್ಲುಕುಟಿಗ ಮೂರು ವರ್ಷ ಒಂದು ದಿನ ಊರು ಬಿಟ್ಟು ಅಲೆಯಬೇಕು, ಆ ಅವಧಿಯಲ್ಲಿ ತನ್ನ ಮನೆಯಿಂದ 50 ಕಿಲೋಮೀಟರ್ ಒಳಗೆ ಕಾಲಿಡಬಾರದು, ಮೊಬೈಲ್ ಇಟ್ಟುಕೊಳ್ಳಬಾರದು. ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿ ದುಡಿದು, ಹೊಸ ಕೈಚಳಕ ಕಲಿತು, ಮುಂದಿನ ಊರಿಗೆ ನಡೆಯಬೇಕು. ಫ್ರಾನ್ಸಿನಲ್ಲೂ ‘ಕಂಪಾನ್ಯೋ’ ಎಂಬ ಕಸುಬಿನ ಬಳಗಗಳು ತಮ್ಮ ಹುಡುಗರನ್ನು ದೇಶವಿಡೀ ಸುತ್ತಿಸಿ ಕಲಿಸುತ್ತವೆ. ಯುನೆಸ್ಕೊ 2010ರಲ್ಲಿ ಆ ಪದ್ಧತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಹೀಗೆ ಅಲೆಯುವುದು ಗಟ್ಟಿ ಗುಂಡಿಗೆಯ ಕೆಲವರಿಗಷ್ಟೇ ಸಾಧ್ಯ. ಶತಮಾನಗಳ ಕಾಲ ಅದು ಗಂಡಸರ ದಾರಿಯಾಗಿಯೇ ಉಳಿದಿತ್ತು. ಅಮ್ಮನ ಔಷಧಿಗೆ ದುಡ್ಡು ಹೊಂದಿಸಬೇಕಾದ ಹುಡುಗಿ, ಗಾಲಿಕುರ್ಚಿಯ ಮೇಲೆ ಕೂತು ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ ಆ ದಾರಿ ಹಿಡಿಯುವುದು ಹೇಗೆ?

ಅಂಥವರ ಕೈಗೂ ಟಿಕೆಟ್ ಸಿಗಬೇಕಾದರೆ ಸಮಾಜವೇ ದುಡ್ಡು ಹಾಕಬೇಕು. ಈ ಮಾತು ಯುರೋಪಿಗೆ ಹೊಳೆದದ್ದು ಬೇಗ, ಜಾರಿಗೆ ಬಂದದ್ದು ತಡ. ಆರು ದೇಶಗಳ ಸಮುದಾಯವಾಗಿದ್ದಾಗಲೇ, 1964ರಲ್ಲಿ, ಯುವ ಕೆಲಸಗಾರರ ವಿನಿಮಯಕ್ಕೆ ಒಂದು ಜಂಟಿ ಕಾರ್ಯಕ್ರಮ ಹೊರಟಿತ್ತು. ಆದರೆ ದೊಡ್ಡ ಬಾಗಿಲು ತೆರೆದದ್ದು ವಿಶ್ವವಿದ್ಯಾಲಯದವರಿಗೆ: 1987ರಲ್ಲಿ ಎರಾಸ್ಮಸ್ ಆರಂಭವಾಯಿತು. ಕಸುಬು ಕಲಿಯುವವರಿಗೆ ಅದಕ್ಕೆ ಸಾಟಿಯಾದ ಯೋಜನೆ ಬರಲು 1995ರವರೆಗೆ ಕಾಯಬೇಕಾಯಿತು. ಚಿತ್ರ ಬರೆದ ಕೈಯಿಂದಲೇ ಯಂತ್ರಗಳ ನಕ್ಷೆಯನ್ನೂ ಬರೆದ ಲಿಯೊನಾರ್ಡೊ ಡ ವಿಂಚಿಯ ಹೆಸರನ್ನು ಅದಕ್ಕೆ ಇಟ್ಟರು. 2007ರಿಂದ 2013ರವರೆಗೆ ಯುರೋಪಿನ ಕಲಿಕಾ ಯೋಜನೆಗೆ ಸಿಕ್ಕ ಸುಮಾರು 700 ಕೋಟಿ ಯೂರೊಗಳಲ್ಲಿ ಕನಿಷ್ಠ ಶೇ. 40 ವಿಶ್ವವಿದ್ಯಾಲಯದವರಿಗೆ, ಕನಿಷ್ಠ ಶೇ. 25 ಕಸುಬಿನವರಿಗೆ ಎಂದು ಗೊತ್ತುಮಾಡಲಾಯಿತು. ವರ್ಷಕ್ಕೆ 80,000 ಮಂದಿ ಹೊರದೇಶದ ಕೆಲಸದ ಜಾಗಗಳಲ್ಲಿ ತರಬೇತಿ ಪಡೆಯಬೇಕೆಂಬುದು ಆಗಿನ ಗುರಿ. 2014ರಲ್ಲಿ ಎಲ್ಲವೂ ಎರಾಸ್ಮಸ್ ಪ್ಲಸ್ ಎಂಬ ಒಂದೇ ಸೂರಿನಡಿ ಬಂದವು. 2021–27ರ ಅವಧಿಗೆ ಅದರ ಹಣ ಸುಮಾರು 2,600 ಕೋಟಿ ಯೂರೊ. ಶಿಕ್ಷಣ ಮತ್ತು ತರಬೇತಿಗೆಂದು ಅದರಲ್ಲಿ ತೆಗೆದಿಟ್ಟ ಪಾಲಿನಲ್ಲಿ ಕನಿಷ್ಠ ಶೇ. 34.6 ಉನ್ನತ ಶಿಕ್ಷಣಕ್ಕೆ, ಕನಿಷ್ಠ ಶೇ. 21.5 ವೃತ್ತಿ ತರಬೇತಿಗೆ. ಪುಸ್ತಕ ಹಿಡಿದವರಿಗೂ ಸುತ್ತಿಗೆ ಹಿಡಿದವರಿಗೂ ನಡುವಿನ ಅಂತರ ಇನ್ನೂ ಅಳಿದಿಲ್ಲ.

ಆ ಹಣ ಒಂದು ತರಬೇತಿ ಶಾಲೆಯ ಕಾರಿಡಾರಿಗೆ ಇಳಿದು ಬರುವ ಬಗೆಯನ್ನು ನೋಡಬೇಕು. ಯುರೋಪಿನ ಒಕ್ಕೂಟದ ಆಡಳಿತವಿರುವ ಬ್ರಸೆಲ್ಸ್‌ನಿಂದ ಅದು ಆಯಾ ದೇಶದ ರಾಷ್ಟ್ರೀಯ ಸಂಸ್ಥೆಗೆ ಬರುತ್ತದೆ. ಜರ್ಮನಿಯಲ್ಲಿ ವೃತ್ತಿ ತರಬೇತಿಯ ಪಾಲನ್ನು ನೋಡಿಕೊಳ್ಳುವ ಸಂಸ್ಥೆ ಬಾನ್ ನಗರದಲ್ಲಿದೆ. ಅರ್ಜಿ ಹಾಕುವುದು ವಿದ್ಯಾರ್ಥಿಯಲ್ಲ, ಅವನ ಶಾಲೆ ಅಥವಾ ಕಂಪನಿ. ಊರು ಎಷ್ಟು ದೂರವೋ ಅದರ ಲೆಕ್ಕಕ್ಕೆ ಪ್ರಯಾಣದ ಹಣ. ಹೋಗುವ ದೇಶದ ಬೆಲೆ ನೋಡಿ ದಿನಕ್ಕಿಷ್ಟು ಎಂದು ಊಟ ವಸತಿಯ ಹಣ. ಭಾಷೆ ಕಲಿಯಲು ನೆರವು. ವಿಮಾನ ಬಿಟ್ಟು ರೈಲು ಹಿಡಿದವರಿಗೆ ಹೆಚ್ಚಿನ ಬೆಂಬಲ. ಅಂಗವಿಕಲ ವಿದ್ಯಾರ್ಥಿಗೆ ಜೊತೆಗಾರರು ಬೇಕಾದರೆ ಆ ಖರ್ಚೂ ಸಿಗುತ್ತದೆ. ಹತ್ತು ದಿನಗಳಿಂದ 89 ದಿನಗಳವರೆಗೆ ಒಂದು ಬಗೆಯ ಕಲಿಕೆ. 90 ದಿನಗಳಿಂದ ಒಂದು ವರ್ಷದವರೆಗೆ ಇನ್ನೊಂದು ಬಗೆ. ಹಿಂತಿರುಗುವಾಗ ‘ಯೂರೊಪಾಸ್’ ಎಂಬ ಪತ್ರ ಕೈಗೆ ಬರುತ್ತದೆ. ಯಾವ ಊರಿನ ಯಾವ ಕಾರ್ಯಾಗಾರದಲ್ಲಿ ಏನು ಮಾಡಲು ಕಲಿತ ಎಂಬುದು ಅದರಲ್ಲಿ ನಮೂದಾಗಿರುತ್ತದೆ. ಜರ್ಮನಿಯಂತೂ 2005ರ ಕಾನೂನು ತಿದ್ದುಪಡಿಯಿಂದ ಅಪ್ರೆಂಟಿಸ್ ತರಬೇತಿಯ ಕಾಲು ಭಾಗದವರೆಗಿನ ಅವಧಿಯನ್ನು ಹೊರದೇಶದಲ್ಲಿ ಕಳೆಯಲು ದಾರಿ ಮಾಡಿಕೊಟ್ಟಿತು.

ಕಾಗದದ ಮೇಲಿನ ಈ ವ್ಯವಸ್ಥೆಯ ಅರ್ಥ ತಿಳಿಯುವುದು ಬೇಕರಿಯ ಒಳಗೆ. ಕೇಲ್‌ನಂಥ ಊರಿನಲ್ಲಿ ಒಲೆಗಳು ಹೊತ್ತಿಕೊಳ್ಳುವುದು ಊರು ಮಲಗಿರುವಾಗಲೇ. ಅಲ್ಸಾಸ್ ಕಡೆಯಿಂದ ಬರುವ ಕಲಿಕೆಯ ಹುಡುಗಿಗೆ ಗೊತ್ತಿರುವುದು ಗೋಧಿ: ಬ್ಯಾಗೆಟ್‌ನ ಹಗುರವಾದ, ಎಳೆದರೆ ಹಿಗ್ಗುವ ಹಿಟ್ಟು, ಬ್ಲೇಡಿನಿಂದ ಓರೆಯಾಗಿ ಗೀರಿ ಒಲೆಗೆ ತಳ್ಳಿದರೆ ಸಿಡಿಯುವ ಹೊರಪದರ. ಇಲ್ಲಿ ಅವಳ ಮುಂದಿರುವುದು ರೈ ಧಾನ್ಯದ ಹಿಟ್ಟು. ಕಂದು ಬಣ್ಣ, ಜಿಗುಟು, ಹುಳಿ ವಾಸನೆ. ಗೋಧಿಯನ್ನು ನಾದಿದಂತೆ ನಾದಲು ಹೋದರೆ ಅಂಗೈಗೆ ಮೆತ್ತಿಕೊಳ್ಳುತ್ತದೆ. ಪಕ್ಕದ ಮೇಜಿನ ಮೇಸ್ತ್ರಿ ಉದ್ದುದ್ದ ಮಾತಾಡುವುದಿಲ್ಲ. ಕೈಯನ್ನು ನೀರಿನಲ್ಲಿ ಅದ್ದಿ, ಹಿಟ್ಟನ್ನು ಎರಡು ಬಾರಿ ಮಡಿಚಿ, ದುಂಡಗೆ ಮಾಡಿ ತೋರಿಸುತ್ತಾನೆ. ಅವಳ ಜರ್ಮನ್ ಇನ್ನೂ ತೊದಲು. ಆದರೆ ಆ ಬೆರಳುಗಳು ಹೇಳಿದ್ದನ್ನು ಅವಳ ಬೆರಳುಗಳು ತಿಳಿದುಕೊಳ್ಳುತ್ತವೆ. ವಾರಗಳು ಕಳೆದಂತೆ ಹುಳಿ ಹಿಟ್ಟಿನ ವಾಸನೆಯಿಂದಲೇ ಅದರ ಹದ ಹೇಳಬಲ್ಲವಳಾಗುತ್ತಾಳೆ. ತನ್ನ ಊರಿನ ರೊಟ್ಟಿಯೊಂದೇ ರೊಟ್ಟಿ ಎಂಬ ನಂಬಿಕೆ ಸಡಿಲವಾಗುತ್ತದೆ, ತನ್ನ ಊರಿನ ರೊಟ್ಟಿಯ ಮೇಲಿನ ಗೌರವ ಹೆಚ್ಚುತ್ತದೆ. ಪ್ರಯಾಣದಿಂದ ಕಸುಬಿಗೆ ಸಿಗುವ ನಿಜವಾದ ಲಾಭ ಇದೇ ಎಂದು ನಾನು ಬಲವಾಗಿ ನಂಬುತ್ತೇನೆ.

ರೈನ್ ದಡದವರು ಕೆಲವು ವಾರಗಳ ಭೇಟಿಗೂ ಮುಂದಕ್ಕೆ ಹೋದರು. 2013ರ ಸೆಪ್ಟೆಂಬರ್ 12ರಂದು ಅಲ್ಸಾಸ್‌ನ ಸೇಂಟ್ ಲೂಯಿ ಪಟ್ಟಣದಲ್ಲಿ ಎರಡೂ ದಡಗಳವರ ನಡುವೆ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಪಾಠ ಮತ್ತು ಪರೀಕ್ಷೆ ತನ್ನ ದೇಶದಲ್ಲಿ, ತನ್ನ ಭಾಷೆಯಲ್ಲಿ. ಕೆಲಸದ ಕಲಿಕೆ ನದಿಯಾಚೆಯ ಕಂಪನಿಯಲ್ಲಿ, ಅದರ ಸಂಬಳದೊಂದಿಗೆ. ಅದೇ ವರ್ಷ ಕೇಲ್ ರೈಲು ನಿಲ್ದಾಣದಲ್ಲಿ ಎರಡೂ ದೇಶಗಳ ಉದ್ಯೋಗ ಇಲಾಖೆಗಳ ಸಿಬ್ಬಂದಿ ಒಂದೇ ಕಚೇರಿಯಲ್ಲಿ ಕೂತು ಕೆಲಸ ಹುಡುಕಿಕೊಡಲು ಆರಂಭಿಸಿದರು. ಆದರೆ ಫ್ರಾನ್ಸ್ 2018ರಲ್ಲಿ ತನ್ನ ಅಪ್ರೆಂಟಿಸ್ ಕಾನೂನನ್ನು ಬದಲಿಸಿ, ಹಣದ ಹೊಣೆಯನ್ನು ಪ್ರಾದೇಶಿಕ ಆಡಳಿತಗಳಿಂದ ತೆಗೆದಾಗ ಈ ಏರ್ಪಾಟಿನ ಬುಡವೇ ಅಲುಗಿತು. ನದಿಯಾಚೆ ದುಡಿಯುವ ವಿದ್ಯಾರ್ಥಿಯ ಶಾಲೆಯ ಖರ್ಚು ಯಾರ ತಲೆಗೆ ಎಂಬ ಪ್ರಶ್ನೆಗೆ ಎರಡೂ ಸರ್ಕಾರಗಳು ಉತ್ತರ ಕಂಡುಕೊಂಡು ಲೊಟೆರ್‌ಬೂರ್ ಎಂಬ ಗಡಿ ಊರಿನಲ್ಲಿ ಹೊಸ ಒಪ್ಪಂದ ಮಾಡಿಕೊಂಡದ್ದು 2023ರ ಜುಲೈನಲ್ಲಿ. ನಡುವೆ 2020ರ ವಸಂತದಲ್ಲಿ ಕೊರೊನಾ ಬಂದು ಗಡಿ ಬಿಗಿಯಾದಾಗ ಟ್ರಾಮು ಸೇತುವೆ ದಾಟುವುದನ್ನೂ ನಿಲ್ಲಿಸಿತ್ತು. ಸೇತುವೆ ಕಟ್ಟಿದ ಮೇಲೂ ಅದನ್ನು ದಿನದಿನವೂ ಕಾಪಾಡಿಕೊಳ್ಳುವವರು ಬೇಕು. ಆ ಕೆಲಸಕ್ಕೂ ಹಣ, ಕಾನೂನು, ತಾಳ್ಮೆ ಮೂರೂ ಬೇಕು.

ಜನರ ಪ್ರಯಾಣದ ಜೊತೆಗೆ ಕಲಿಸುವ ವಿಧಾನಗಳ ಪ್ರಯಾಣಕ್ಕೂ ಈ ಯೋಜನೆಗಳು ಹಣ ಕೊಡುತ್ತವೆ. ಲಿಯೊನಾರ್ಡೊ ಯೋಜನೆಯ ಕಾಲದಲ್ಲಿ ‘ಹೊಸತನದ ವರ್ಗಾವಣೆ’ ಎಂಬ ಒಂದು ವಿಭಾಗವೇ ಇತ್ತು. ಒಂದು ದೇಶದಲ್ಲಿ ಫಲ ಕೊಟ್ಟ ಪಾಠಕ್ರಮವನ್ನೋ ಪರೀಕ್ಷಾ ಕ್ರಮವನ್ನೋ ಇನ್ನೊಂದು ದೇಶದ ಭಾಷೆಗೆ, ಕಾನೂನಿಗೆ, ಕಾರ್ಯಾಗಾರಕ್ಕೆ ಒಗ್ಗಿಸುವುದು ಅದರ ಕೆಲಸ. ಪಕ್ಕದ ಮನೆಯಿಂದ ಹೆಪ್ಪು ತಂದಂತೆ ಅದು: ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ತಂದವರ ಹಾಲು ಅವರದೇ ಹಸುವಿನದು. ಇಂದು ಅದರ ಮುಂದುವರಿಕೆಯಾಗಿ ವೃತ್ತಿ ಶ್ರೇಷ್ಠತಾ ಕೇಂದ್ರಗಳಿವೆ. ಕನಿಷ್ಠ ನಾಲ್ಕು ದೇಶಗಳ ತರಬೇತಿ ಶಾಲೆಗಳು, ಕಂಪನಿಗಳು, ವಿಶ್ವವಿದ್ಯಾಲಯಗಳು ಕೈಜೋಡಿಸುವ ಇಂಥ ಒಂದು ಯೋಜನೆಗೆ ನಾಲ್ಕು ವರ್ಷಕ್ಕೆ 40 ಲಕ್ಷ ಯೂರೊವರೆಗೆ ನೆರವು ಸಿಗುತ್ತದೆ. ಸೌರ ಫಲಕ ಕೂರಿಸುವುದು, ಬ್ಯಾಟರಿ ವಾಹನ ದುರಸ್ತಿ ಮಾಡುವುದು ಇವೆಲ್ಲ ಎಲ್ಲ ದೇಶಗಳಿಗೂ ಹೊಸ ಕಸುಬುಗಳೇ. ಪ್ರತಿಯೊಬ್ಬರೂ ಮೊದಲಿನಿಂದ ಎಡವುತ್ತಾ ಕಲಿಯುವ ಬದಲು ಒಟ್ಟಿಗೆ ಕಲಿಯುವುದು ವಿವೇಕ.

ರೈನ್ ದಡದ ಕಸುಬು ನಮ್ಮ ಕರಾವಳಿಗೂ ಬಂದಿದೆ. ಅದೇ ಬಾಸೆಲ್ ನಗರದಿಂದ ಹೊರಟ ಮಿಷನ್ 1834ರಲ್ಲಿ ಮಂಗಳೂರಿಗೆ ಕಾಲಿಟ್ಟಿತು. ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ. ನೇತ್ರಾವತಿ ಬಯಲಿನ ಜೇಡಿ, ತುಳುನಾಡಿನ ದುಡಿಯುವ ಕೈಗಳು, ಯುರೋಪಿನ ಅಚ್ಚು ಮತ್ತು ಗೂಡು ಸೇರಿ ಹುಟ್ಟಿದ ಮಂಗಳೂರು ಹೆಂಚು ಲೆಕ್ಕವಿಲ್ಲದಷ್ಟು ಮನೆಗಳ ಮಳೆ ತಡೆಯಿತು. ಅದು ಮಿಷನ್ನಿನ ಹಣ; ಸರ್ಕಾರಗಳೇ ಹಣ ಕೊಟ್ಟ ನಿದರ್ಶನವೂ ನಮ್ಮಲ್ಲಿದೆ. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ 1972ರಲ್ಲಿ ಆರಂಭವಾದದ್ದು ಡೆನ್ಮಾರ್ಕ್ ಸರ್ಕಾರದ ಸಹಭಾಗಿತ್ವದಲ್ಲಿ. ಅಚ್ಚು ಮತ್ತು ಡೈ ಮಾಡುವ ಸೂಕ್ಷ್ಮ ಕೆಲಸವನ್ನು ಅಲ್ಲಿ ಕಲಿತ ಹಳ್ಳಿ ಮಕ್ಕಳು ಇಂದು ನಾಡಿನ ಕಾರ್ಖಾನೆಗಳಲ್ಲಿದ್ದಾರೆ. ಅದರ ಶಾಖೆಗಳು ರಾಜ್ಯದ ಹಲವು ಊರುಗಳಿಗೆ ಹಬ್ಬಿವೆ.

ಡಾಕ್ಟರ್, ಎಂಜಿನಿಯರ್ ಆಗುವ ಮಗನನ್ನು ಹೊರದೇಶಕ್ಕೆ ಕಳಿಸಲು ನಮ್ಮ ಮನೆಗಳು ಹೊಲ ಮಾರುತ್ತವೆ, ಬ್ಯಾಂಕುಗಳು ಸಾಲ ಕೊಡುತ್ತವೆ. ಫಿಟ್ಟರ್, ಟರ್ನರ್, ವೆಲ್ಡರ್ ಕಲಿಯುವ ಮಕ್ಕಳ ಪ್ರಯಾಣ ಯಾರ ಲೆಕ್ಕಕ್ಕೂ ಸುಲಭವಾಗಿ ಬರುವುದಿಲ್ಲ. ರೈನ್ ದಡದ ಅನುಭವ ಹೇಳುವುದು ಇಷ್ಟೇ: ಆ ಮಕ್ಕಳೂ ಇನ್ನೊಬ್ಬರ ಕಾರ್ಯಾಗಾರದಲ್ಲಿ ನಿಂತು ನೋಡಿ ಕಲಿಯಬೇಕು, ಅದಕ್ಕೆ ಸಾರ್ವಜನಿಕ ಹಣ ಖರ್ಚಾಗಬೇಕು. ಹೊಸಪೇಟೆಯ ಐಟಿಐ ವಿದ್ಯಾರ್ಥಿ ಮೂರು ತಿಂಗಳು ಕೊಯಮತ್ತೂರಿನಲ್ಲೋ ಪುಣೆಯಲ್ಲೋ, ಮುಂದೊಂದು ದಿನ ಹೊರದೇಶದಲ್ಲೋ ಕಲಿತು ಬರಲು ಬೇಕಾದದ್ದು ರೈಲು ಚಾರ್ಜು, ಮಲಗಲು ಜಾಗ, ವಿಮೆ, ಕಲಿತದ್ದಕ್ಕೊಂದು ಮಾನ್ಯತೆಯ ಪತ್ರ. ಇದನ್ನು ದಾನವೆಂದು ಕರೆಯಬಾರದು. ನಾವು ಮಲಗುವ ಮನೆಯ ಸೂರನ್ನು, ನಾವು ಓಡಾಡುವ ಬಸ್ಸಿನ ಬ್ರೇಕನ್ನು, ನಮ್ಮ ಆಸ್ಪತ್ರೆಯ ಆಮ್ಲಜನಕದ ಕೊಳವೆಯನ್ನು ನಂಬಿಕೊಟ್ಟಿರುವುದು ಆ ಕೈಗಳಿಗೆ. ಅವುಗಳ ಕಲಿಕೆಗೆ ತೆರಿಗೆಯ ಹಣ ಸಲ್ಲಬೇಕಾದದ್ದು ನ್ಯಾಯ.