ಅಂಭೋರಾದ ನೀರಲ್ಲಿ ಯಾರ ಕೊಳೆ?

ಶಿವರಾತ್ರಿಗೆ ಉಮರೇಡಿನಿಂದ ನಾವು ಅಂಭೋರಾಕ್ಕೆ ಹೋಗಿದ್ದೆವು. ಕನ್ಹಾನ್ ನದಿ ವೈನ್‌ಗಂಗೆಯನ್ನು ಸೇರುವ ಆ ಸಂಗಮ, ಚೈತನ್ಯೇಶ್ವರನ ಗುಡಿ ನಿಮ್ಮಲ್ಲಿ ಹಲವರು ಕಂಡದ್ದೇ. ನಮ್ಮ ಯಜಮಾನರು ತೀರ್ಥವೆಂದು ಬೊಗಸೆ ನೀರೆತ್ತಿದರು. ನಾನು ಕೈ ಹಿಡಿದೆ. ನಾಗಪುರದ ಚರಂಡಿಯನ್ನೆಲ್ಲ ಹೊತ್ತ ನಾಗ್ ನದಿ ಕನ್ಹಾನ್‌ಗೇ ಕೂಡುತ್ತದಲ್ಲ!

"ದನಗಳೂ ಇಳಿಯುತ್ತವೆ. ನಾಗಪುರದವರನ್ನೇ ಯಾಕೆ ಬಯ್ಯುತ್ತೀ?" ಎಂದರು.

ಪ್ರಶ್ನೆ ಸರಿಯೇ. ನೀರಿಗೆ ಮಲ ಬೆರೆತಿದೆಯೇ ಎಂದು ತಿಳಿಯಲು ಇ. ಕೋಲಿ ಬ್ಯಾಕ್ಟೀರಿಯಾ ಹುಡುಕುತ್ತಾರೆ. ಕುಡಿಯುವ ನೀರಿನ 100 ಮಿ.ಲೀ.ನಲ್ಲಿ ಅದು ಒಂದೂ ಇರಕೂಡದು. ಆದರೆ ಅದು ನಮ್ಮ ಕರುಳಲ್ಲೂ ಇದೆ, ದನ, ಕೋಳಿಗಳಲ್ಲೂ ಇದೆ. ಎಷ್ಟು ಎಂದು ಹೇಳುತ್ತದೆ, ಯಾರದು ಎಂದು ಹೇಳುವುದಿಲ್ಲ.

ಅದಕ್ಕೇ ವಿಜ್ಞಾನಿಗಳು ಬ್ಯಾಕ್ಟೀರಾಯ್ಡಿಸ್ ಎಂಬ ಇನ್ನೊಂದರ ಡಿ.ಎನ್.ಎ. ನೋಡುತ್ತಾರೆ. ಮನುಷ್ಯರದರ ಗುರುತು ಬೇರೆ, ದನದ್ದು ಬೇರೆ. ಪ್ರತಿ ಮೋರಿ ಸೇರುವ ಜಾಗದ ಮೇಲೂ ಕೆಳಗೂ ನೀರು ಹಿಡಿದು ನೋಡಿದರೆ, ಎಲ್ಲಿ ಏರಿತೋ ಅಲ್ಲಿ ಕಳ್ಳ. ಕೆಫೀನ್ ಸಿಕ್ಕರೂ ಮನುಷ್ಯರ ಮೇಲೇ ಗುಮಾನಿ. ದನಗಳು ಫಿಲ್ಟರ್ ಕಾಫಿ ಕುಡಿಯುವುದಿಲ್ಲವಷ್ಟೆ! ಮನುಷ್ಯರದಾದರೆ ಒಳಚರಂಡಿ ಸರಿಪಡಿಸಬೇಕು, ದನದ್ದಾದರೆ ದಡಕ್ಕೆ ಬೇಲಿ. ತಪ್ಪು ತಿಳಿದರೆ ಹಣವೆಲ್ಲ ಹೊಳೆಗೇ.

ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆಯೂ ಉಂಟು. 1982ರಲ್ಲಿ ಭಾರತದ ವಿಜ್ಞಾನಿಗಳೇ ಪ್ರಕಟಿಸಿದ್ದು: ಶೀಶೆಗೆ ನೀರು ತುಂಬಿಸಿಟ್ಟರೆ, ಮಲ ಬೆರೆತಿದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಅಂಥ ಎರಡು ಶೀಶೆ ತರಿಸಿದೆ. ಒಂದಕ್ಕೆ ಅಂಭೋರಾದ ನೀರು, ಇನ್ನೊಂದಕ್ಕೆ, ಸುಮ್ಮನೆ, ನಮ್ಮ ಹಿತ್ತಿಲ ಬಾವಿಯದು.

ಎರಡೂ ಕಪ್ಪಾದವು.

ಈಗ ನೀರನ್ನು ಕುದಿಸಿಯೇ ಕುಡಿಯುತ್ತೇವೆ. ಯಜಮಾನರು ಟೇಪು ಹಿಡಿದು, ಬಾವಿಯಿಂದ ನಮ್ಮದೇ ಶೌಚದ ಗುಂಡಿಗೆ ಎಷ್ಟು ಅಡಿ ಎಂದು ಅಳೆಯುತ್ತಿದ್ದಾರೆ.