ಬಂಡೆಯ ಮೇಲೆ ಆನೆಯ ನೆಂಟ

ಕೇಪ್‌ಟೌನ್ ನಗರದ ಬೆನ್ನಿಗೇ ನಿಂತಿರುವ ಟೇಬಲ್ ಮೌಂಟನ್ ಏರಿದವರಿಗೆ ಕಾಡುಪ್ರಾಣಿ ನೋಡಲು ದುರ್ಬೀನು ಬೇಕಿಲ್ಲ. ಒಂದು ಕಡೆ ಊರು, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರ. ನಡುವೆ ಸಾವಿರ ಮೀಟರಿಗೂ ಎತ್ತರದ ಚಪ್ಪಟೆ ನೆತ್ತಿ. 1929ರಿಂದ ಓಡುತ್ತಿರುವ ಕೇಬಲ್ ಕಾರು ಇಳಿದು ನಾಲ್ಕು ಹೆಜ್ಜೆ ಹಾಕಿದರೆ, ಮೊಲದ ಗಾತ್ರದ ಕಂದು ಪ್ರಾಣಿಗಳು ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತವೆ. ಬಾಲವೇ ಇಲ್ಲ. ‘ಎಂಥ ದಪ್ಪ ಇಲಿ!’ ಎಂದು ಫೋಟೊ ತೆಗೆದುಕೊಂಡು ಮುಂದೆ ಹೋಗುವ ಪ್ರವಾಸಿಗರೇ ಹೆಚ್ಚು.

ಇಲಿಗೂ ಇದಕ್ಕೂ ಸಂಬಂಧವಿಲ್ಲ. ಇದು ರಾಕ್ ಹೈರಾಕ್ಸ್, ಅಲ್ಲಿನವರ ಬಾಯಲ್ಲಿ ಡಾಸಿ. ಇಂದು ಬದುಕಿರುವ ಪ್ರಾಣಿಗಳಲ್ಲಿ ಇದರ ಹತ್ತಿರದ ಬಂಧುಗಳೆಂದರೆ ಆನೆ ಮತ್ತು ಡುಗಾಂಗ್‌ನಂಥ ಕಡಲಹಸುಗಳು.

ಮೂರು-ನಾಲ್ಕು ಕೆ.ಜಿ. ತೂಗುವ ಪ್ರಾಣಿ ಆನೆಯ ನೆಂಟ ಎಂದರೆ ನಂಬುವುದು ಹೇಗೆ? ಅದು ಆಕಳಿಸುವವರೆಗೆ ಕಾಯಿರಿ. ಮೇಲ್ದವಡೆಯಿಂದ ಎರಡು ಚೂಪು ಹಲ್ಲು ಇಳಿಬಿದ್ದಿರುತ್ತವೆ. ಅವು ಕೋರೆಹಲ್ಲಲ್ಲ, ಬಾಚಿಹಲ್ಲು. ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತವೆ. ಆನೆಯ ದಂತವೂ ಹೀಗೆ ಉದ್ದವಾದ ಬಾಚಿಹಲ್ಲೇ. ಗಂಡಿನ ವೃಷಣಗಳು ಆನೆಯಲ್ಲಿರುವಂತೆ ಹೊಟ್ಟೆಯೊಳಗೇ ಉಳಿದಿವೆ. ನನಗಂತೂ ಎಲ್ಲಕ್ಕಿಂತ ಸೋಜಿಗವೆನಿಸುವುದು ಬಸಿರು. ಮೊಲ ಒಂದು ತಿಂಗಳಲ್ಲಿ ಈಯುತ್ತದೆ; ಅಷ್ಟೇ ಗಾತ್ರದ ಡಾಸಿಗೆ ಏಳು ತಿಂಗಳಿಗೂ ಹೆಚ್ಚು ಕಾಲ ಬೇಕು. ಹಾಗಾಗಿ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ, ಬಲುಬೇಗ ಬಂಡೆ ಹತ್ತಲು ಶುರುಮಾಡುತ್ತದೆ. ಅಂಗಾಲಿನ ಮೆತ್ತೆ ರಬ್ಬರಿನಂತೆ ಮೃದು. ಬೆವರುಗ್ರಂಥಿಗಳು ಅದನ್ನು ಒದ್ದೆಯಾಗಿಡುವುದರಿಂದ ನುಣುಪು ಬಂಡೆಯಲ್ಲೂ ಕಾಲು ಜಾರದು.

ಇಡೀ ದಿನ ಬಿಸಿಲು ಕಾಯಿಸುವುದು ಸೋಮಾರಿತನವೇನಲ್ಲ. ಮೈಬಿಸಿಯನ್ನು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳಲು ಡಾಸಿಗೆ ಅಷ್ಟಾಗಿ ಬಾರದು. ರಾತ್ರಿ ಬಂಡೆಯ ಸಂದಿಗಳಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿ, ಬೆಳಿಗ್ಗೆ ಮೈ ಬೆಚ್ಚಗಾದ ಮೇಲೆಯೇ ಮೇಯಲು ಹೊರಡುತ್ತವೆ. ಆಗಲೂ ಒಂದಾದರೂ ತಲೆಯೆತ್ತಿ ಕಾವಲು ಕೂತಿರುತ್ತದೆ, ಏಕೆಂದರೆ ಆಫ್ರಿಕದ ಕಪ್ಪು ವೆರೋ ಹದ್ದಿನ ಮುಖ್ಯ ಆಹಾರವೇ ಡಾಸಿ. ಹದ್ದು ಸೂರ್ಯನ ಕಡೆಯಿಂದ ಎರಗಿದರೆ? ಡಾಸಿಯ ಕಣ್ಣಿನೊಳಗೆ ಐರಿಸ್‌ನ ಒಂದು ಭಾಗ ಮುಂಚಾಚಿಕೊಂಡು ಪಾಪೆಗೆ ನೆರಳು ಕೊಡುತ್ತದೆ; ಪ್ರಖರ ಬಿಸಿಲಿಗೆ ಎದುರಾಗಿಯೂ ಅದು ಆಕಾಶ ನೋಡಬಲ್ಲದು. ಕಾವಲುಗಾರ ಒಮ್ಮೆ ಕಿರುಚಿದರೆ ಬಂಡೆ ಖಾಲಿ.

ಮಲಮೂತ್ರಕ್ಕೆ ಇವು ತಲೆಮಾರುಗಟ್ಟಲೆ ಒಂದೇ ಜಾಗ ಬಳಸುತ್ತವೆ. ಮಳೆ ತಾಗದ ಒಣ ಸಂದಿಗಳಲ್ಲಿ ಆ ರಾಶಿ ಗಟ್ಟಿಯಾಗಿ ಸಾವಿರಾರು ವರ್ಷ ಉಳಿಯುವುದುಂಟು. ಅದರಲ್ಲಿ ಸಿಕ್ಕಿಕೊಂಡ ಪರಾಗವನ್ನು ಜಾಲಾಡಿ, ಹಿಂದೆ ಅಲ್ಲಿ ಯಾವ ಗಿಡಗಳಿದ್ದವು, ಹವೆ ಹೇಗಿತ್ತು ಎಂದು ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಅದೇ ವಸ್ತು ಹೈರೇಸಿಯಂ ಎಂಬ ಹೆಸರಿನಲ್ಲಿ ಸುಗಂಧದ್ರವ್ಯಕ್ಕೂ ಸೇರುತ್ತದೆ. ಪೂಸಿಕೊಳ್ಳುವವರಿಗೆ ಯಾರೂ ಹೇಳಿರಲಿಕ್ಕಿಲ್ಲ!

ಅಲ್ಲಿಗೆ ಹೋಗುವವರು ಬೆಳಗಿನ ಮೊದಲ ಕೇಬಲ್ ಕಾರು ಹಿಡಿಯಿರಿ. ಬಿಸಿಲು ಕಾಯಿಸುವ ಗುಂಪು ಸಿಗುತ್ತದೆ. ಎಷ್ಟೇ ಹತ್ತಿರ ಬಂದರೂ ಚಿಪ್ಸ್ ಹಾಕಬೇಡಿ, ಅದರ ಹೊಟ್ಟೆ ಸೊಪ್ಪು-ಹುಲ್ಲಿಗೆ ಹೇಳಿ ಮಾಡಿಸಿದ್ದು. ಮುಟ್ಟಲೂ ಹೋಗಬೇಡಿ, ಕಚ್ಚುತ್ತದೆ.