ಗಣಕಯಂತ್ರಕ್ಕೆ ಬಂದ ಜ್ವರ

ಕಲಾ ವಿಭಾಗದ ವಿದ್ಯಾರ್ಥಿಯಾದ ನನಗೆ ಯಂತ್ರಗಳ ಗೊಡವೆಯೇಕೆಂದು ವಾಚಕರು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಮಂಡ್ಯ ಮದ್ದೂರುಗಳ ನಡುವಣ ನಮ್ಮ ಹಳ್ಳಿಯ ಮನೆಯಲ್ಲಿ ನನ್ನದೊಂದು ಹಳೆಯ ಗಣಕಯಂತ್ರವಿದೆ. ಸಂಜೆಯ ಹೊತ್ತು ಅದರಲ್ಲಿ ಲಗ್ನಪತ್ರಿಕೆಗಳನ್ನು ಜೋಡಿಸಿಕೊಡುತ್ತೇನೆ. ಊರ ಹುಡುಗರ ವಿದ್ಯಾರ್ಥಿವೇತನದ ಅರ್ಜಿಗಳನ್ನು ತುಂಬಿಕೊಡುತ್ತೇನೆ. ನನ್ನ ಕಾಲೇಜಿನ ಶುಲ್ಕ ಹುಟ್ಟುವುದು ಆ ಸಂಪಾದನೆಯಿಂದಲೇ. ಆದುದರಿಂದ ಕಳೆದ ಮಾಘಮಾಸದಲ್ಲಿ, ಮದುವೆಗಳ ಕಾಲ ಮೊದಲಾಗುತ್ತಿದ್ದಂತೆಯೇ, ಅದರ ತೆರೆಯ ಮೇಲೆ ಹಸಿರು ಚುಕ್ಕೆಗಳು ಮೂಡಿ, ಅಡ್ಡಗೆರೆಗಳೆದ್ದು, ಇದ್ದಕ್ಕಿದ್ದಂತೆ ಕತ್ತಲು ಕವಿದಾಗ ನನ್ನ ಕಣ್ಣಿಗೂ ಕತ್ತಲು ಕವಿಯಿತು.

ರಿಪೇರಿ ಬಲ್ಲವರೊಬ್ಬರು ಮುಚ್ಚಳವನ್ನೂ ತೆರೆಯದೆ, "ಗ್ರಾಫಿಕ್ಸ್ ಕಾರ್ಡು ಸತ್ತಿದೆ, ಹೊಸದು ಹಾಕಿಸು" ಎಂದರು. ಹೊಸದರ ಬೆಲೆ ನನ್ನ ಒಂದು ವರ್ಷದ ಶುಲ್ಕಕ್ಕಿಂತ ಹೆಚ್ಚು. ಸತ್ತುದು ನಿಜವೇ ಎಂದು ನೋಡಿಯೇ ಬಿಡೋಣವೆಂದು ಯಂತ್ರವನ್ನು ಮನೆಗೆ ಹೊತ್ತು ತಂದೆನು.

ಗ್ರಾಫಿಕ್ಸ್ ಕಾರ್ಡೆಂಬುದು ಗಣಕಯಂತ್ರದ ಚಿತ್ರಕಾರ. ಅಕ್ಷರವಾಗಲಿ, ಬಣ್ಣವಾಗಲಿ, ತೆರೆಯ ಮೇಲೆ ಕಾಣುವುದನ್ನೆಲ್ಲ ಲೆಕ್ಕ ಹಾಕಿ ಬಿಡಿಸುವುದು ಅದರ ಕೆಲಸ. ಹಲಗೆಯ ನಡುವೆ ಒಂದು ದೊಡ್ಡ ಚಿಪ್ಪು, ಸುತ್ತಲೂ ನೆನಪಿನ ಚಿಪ್ಪುಗಳು, ಮೇಲೆ ಲೋಹದ ರೆಕ್ಕೆಗಳು, ಅದರ ಮೇಲೊಂದು ಫ್ಯಾನು. ಕೆಲವು ಯಂತ್ರಗಳ ಪ್ರೊಸೆಸರಿಗೆ ತಾನೇ ಚಿತ್ರ ಬಿಡಿಸುವ ಶಕ್ತಿ ಉಂಟು. ನನ್ನದಕ್ಕೆ ಇಲ್ಲ, ಕಾರ್ಡು ಹೋದರೆ ಯಂತ್ರವೇ ಕುರುಡು.

ರೋಗ ತಿಳಿಯದೆ ಮದ್ದು ಕೊಡಬಾರದಷ್ಟೆ. ಮೊದಲು ತೆರೆಯನ್ನೂ ಕೇಬಲನ್ನೂ ಬದಲಿಸಿ ನೋಡಿದೆನು; ಚುಕ್ಕೆಗಳು ಹೋಗಲಿಲ್ಲ. ಬಳಿಕ ಗೆಳೆಯನೊಬ್ಬನ ಕಾರ್ಡನ್ನು ತಂದು ಹಾಕಿದೆನು. ಚಿತ್ರ ನಿರ್ಮಲವಾಗಿ ಬಂದಿತು. ದೋಷವು ನನ್ನ ಕಾರ್ಡಿನಲ್ಲಿಯೇ ಎಂಬುದು ಇದರಿಂದ ಸ್ಥಿರವಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಂತ್ರ ಸರಿಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು.

ಇನ್ನು ಕಾರ್ಡಿನೊಳಗೆ ಎಲ್ಲಿ? ಇಲ್ಲಿ ನಾನು ಮಾಡಿದ ತಪ್ಪನ್ನೂ ಹೇಳಬೇಕು. ಮೀಟರಿನಿಂದ ದೊಡ್ಡ ಚಿಪ್ಪಿನ ಪಕ್ಕದ ಸುರುಳಿಯ ಬಳಿ ಅಳೆದಾಗ ರೋಧವು ಒಂದು ಓಮಿಗಿಂತಲೂ ಕಡಿಮೆ ಬಂದಿತು. ಶಾರ್ಟ್ ಆಗಿದೆಯೆಂದು ನಿರ್ಣಯಿಸಿ, ಕಾರ್ಡನ್ನು ಕಾಗದದಲ್ಲಿ ಸುತ್ತಿ ಗುಜರಿಗೆ ಎತ್ತಿಟ್ಟೆನು. ಮೊಬೈಲ್ ದುರಸ್ತಿ ಮಾಡುವ ನೆಂಟರೊಬ್ಬರು ಬಂದವರು ನಕ್ಕು ತಿಳಿಸಿದರು: ದೊಡ್ಡ ಚಿಪ್ಪಿಗೆ ಹೋಗುವ ದಾರಿಯಲ್ಲಿ ರೋಧ ಅಷ್ಟು ಕಡಿಮೆ ಇರುವುದು ಸಹಜ, ಶಂಕಿಸಬೇಕಾದುದು 12 ವೋಲ್ಟು ಒಳಬರುವ ದಾರಿಯಲ್ಲಿ ಸೊನ್ನೆಯ ಹತ್ತಿರ ಬಂದರೆ. ಅಲ್ಲಿ ಅಳೆದರೆ ಸೊನ್ನೆ ಬರಲಿಲ್ಲ. ಅರೆ ತಿಳಿವಳಿಕೆಯಿಂದ ಬದುಕಿದ್ದವನನ್ನು ಸುಡುಗಾಡಿಗೆ ಸಾಗಿಸುವವನಿದ್ದೆನು!

ಅವರೇ ಇನ್ನೊಂದು ಪ್ರಶ್ನೆ ಕೇಳಿದರು: "ಚುಕ್ಕೆ ಬರುವುದು ಯಾವಾಗ?" ಯಂತ್ರ ಹೊತ್ತಿಕೊಂಡ ಕ್ಷಣದಲ್ಲಿಯೇ, ಮೊದಲ ಅಕ್ಷರಗಳಲ್ಲಿಯೇ ಬಂದರೆ ನೆನಪಿನ ಚಿಪ್ಪನ್ನೋ ಬೆಸುಗೆಯನ್ನೋ ಶಂಕಿಸಬೇಕು. ನನ್ನದು ಇಪ್ಪತ್ತು ನಿಮಿಷ ನೆಟ್ಟಗಿದ್ದು ಆಮೇಲೆ ಕೆಡುತ್ತಿತ್ತು. ಉಷ್ಣತೆಯನ್ನು ತೋರಿಸುವ ತಂತ್ರಾಂಶದಲ್ಲಿ ನೋಡಿದರೆ 96 ಡಿಗ್ರಿ! ಅಂದರೆ ಮರಣವಲ್ಲ, ಜ್ವರ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಕಳುಹಿಸಿದ ಸೀಮೆಯವರು ನಾವು. ಆದರೆ ಇಂಥ ಕಾರ್ಡಿನೊಳಕ್ಕೆ ಹೊಕ್ಕ ವಿದ್ಯುತ್ತು ಬಹುಮಟ್ಟಿಗೆ ಶಾಖವಾಗಿಯೇ ಹೊರಬರಬೇಕೆಂಬುದನ್ನು ಮರೆಯುತ್ತೇವೆ. ಕಾರ್ಡು ತಾನು ಕುಳಿತ ಕಿಂಡಿಯಿಂದ 75 ವಾಟಿನವರೆಗೂ, ಆರು ಕಡ್ಡಿಯ ತಂತಿಯಿಂದ ಮತ್ತೆ 75 ವಾಟಿನವರೆಗೂ ಪಡೆಯಬಹುದು. ಅಷ್ಟು ಶಾಖ ಹೊರಹೋಗುವ ದಾರಿ ಕಟ್ಟಿದರೆ ಗತಿಯೇನು?

ವಿದ್ಯುತ್ ತಂತಿಯನ್ನು ಕಿತ್ತು, ಗುಂಡಿಯನ್ನೊಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಇಳಿಸಿ, ಪೆಟ್ಟಿಗೆಯ ಲೋಹವನ್ನು ಮುಟ್ಟಿ, ಕಾರ್ಡನ್ನು ಹೊರತೆಗೆದೆನು. ಫ್ಯಾನನ್ನು ಬಿಚ್ಚಿದಾಗ ಕಂಡುದೇನು! ರೆಕ್ಕೆಗಳ ನಡುವೆ ಕಂಬಳಿಯಂತೆ ಹೆಪ್ಪುಗಟ್ಟಿದ ಕಪ್ಪು ಮಸಿ. ನಮ್ಮ ಮನೆಯ ಹಿಂದೆಯೇ ಆಲೆಮನೆ. ಕಬ್ಬಿನ ಸಿಪ್ಪೆ ಉರಿದ ಮಸಿ ಕಿಟಕಿಯಿಂದ ದಿನವೂ ಒಳಬರುತ್ತದೆ. ಊರಿಗೆ ಬೆಲ್ಲ ಕೊಟ್ಟ ಒಲೆ ನನ್ನ ಯಂತ್ರಕ್ಕೆ ಉಸಿರುಗಟ್ಟಿಸಿತ್ತು. ಚಿಪ್ಪಿಗೂ ಲೋಹಕ್ಕೂ ನಡುವೆ ಶಾಖವನ್ನು ದಾಟಿಸುವ ಲೇಪವೂ ಒಣಗಿ ಸುಣ್ಣವಾಗಿತ್ತು.

ಫ್ಯಾನು ತಿರುಗದಂತೆ ಬೆರಳಲ್ಲಿ ಹಿಡಿದು ಮೆತ್ತನೆಯ ಕುಂಚದಿಂದ ಮಸಿಯನ್ನು ತೆಗೆದೆನು. ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು, ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸ್ವಲ್ಪ ಸ್ವಲ್ಪವಾಗಿ ಬಿಗಿದೆನು. ಒಂದೇ ಕಡೆ ಬಿಗಿದರೆ ಚಿಪ್ಪು ಬಿರಿಯುವ ಭಯವುಂಟು.

ಕಾರ್ಡನ್ನು ಒಲೆಯಲ್ಲಿಟ್ಟು ಬೇಯಿಸಿದರೆ ಬದುಕುತ್ತದೆಂದು ಗೆಳೆಯರು ಹೇಳಿದ್ದರು. ಈಗಿನ ಸೀಸವಿಲ್ಲದ ಬೆಸುಗೆ ಕರಗಬೇಕಾದರೆ ಸುಮಾರು 217 ಡಿಗ್ರಿ ಬೇಕು. ಅದಕ್ಕಿಂತ ಕಡಿಮೆ ಕಾವಿನಲ್ಲಿ ಬೆಸುಗೆ ಕರಗದು. ಬಿರುಕು ತಾತ್ಕಾಲಿಕವಾಗಿ ಕೂಡಿ ಕೆಲವು ದಿನ ನಡೆದೀತು, ಮತ್ತೆ ಕೆಡುತ್ತದೆ. ಉಳಿದ ಭಾಗಗಳೂ ಬೆಂದುಹೋಗುತ್ತವೆ; ಅಡುಗೆಯ ಒಲೆಗೆ ವಿಷದ ಹೊಗೆ ಸೇರುತ್ತದೆ. ಬೆಸುಗೆ ನಿಜವಾಗಿ ಬಿಟ್ಟಿದ್ದರೆ ಬಿಸಿಗಾಳಿಯ ಉಪಕರಣವುಳ್ಳ ಕುಶಲಿಯ ಬಳಿಗೇ ಹೋಗಬೇಕು. ಎಲ್ಲ ಕಾರ್ಡುಗಳೂ ನನ್ನದರಂತೆ ಸುಲಭವಾಗಿ ಗುಣವಾಗುವುದಿಲ್ಲವೆಂಬುದನ್ನು ವಾಚಕರು ಮರೆಯಬಾರದು.

ಆ ರಾತ್ರಿ ಎರಡು ಗಂಟೆ ಯಂತ್ರವನ್ನು ಓಡಿಸಿದೆನು. ಉಷ್ಣತೆ 71ರಲ್ಲಿ ನಿಂತಿತು, ಚುಕ್ಕೆಯೊಂದೂ ಬರಲಿಲ್ಲ. ಖರ್ಚಾದುದು ಮುನ್ನೂರು ರೂಪಾಯಿಗೂ ಕಡಿಮೆ. ಎದುರುಮನೆಯ ಹುಡುಗಿಯ ಲಗ್ನಪತ್ರಿಕೆ ಮಾರನೆಯ ದಿನ ಅಚ್ಚಿಗೆ ಹೋಯಿತು; ನನ್ನ ಪರೀಕ್ಷಾಶುಲ್ಕವೂ ಕಾಲಕ್ಕೆ ಸರಿಯಾಗಿ ಸಂದಿತು.

ಈಗ ಕಿಟಕಿಗೆ ತೆಳುವಾದ ಪಂಚೆಯೊಂದನ್ನು ಕಟ್ಟಿದ್ದೇನೆ. ಆಲೆಯಾಡುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆರೆದು ಮಸಿ ಒರೆಸುತ್ತೇನೆ. ಸತ್ತಿದೆ ಎಂದು ಯಾರಾದರೂ ಹೇಳಿದರೆ, ಮೊದಲು ಮೈಮುಟ್ಟಿ ನೋಡುತ್ತೇನೆ.